ಯಂತ್ರಕ್ಕೆ ಸಾಲ ಸಿಕ್ಕಿತು, ಮೆಣಸಿನಕಾಯಿಗೆ ಸಿಗಲಿಲ್ಲ: ಪಿಎಂಎಫ್‌ಎಂಇ ಸಾಲದ ಬಗ್ಗೆ ನನ್ನ ವಿಮರ್ಶೆ

ಹಪ್ಪಳ, ಚಟ್ನಿಪುಡಿ, ಉಪ್ಪಿನಕಾಯಿ ಮಾಡಿ ಮಾರುವ ಹೆಂಗಸರು ಸಿಕ್ಕಿದಾಗಲೆಲ್ಲ ನನ್ನನ್ನು ಕೇಳುವುದು ಒಂದೇ ಮಾತು: "ಅಕ್ಕ, ಆ ಸಬ್ಸಿಡಿ ಸಾಲ ನಿಜವಾಗ್ಲೂ ಸಿಗುತ್ತಾ?" ಸಿಗುತ್ತದೆ. ನನಗೆ ಸಿಕ್ಕಿದೆ. ಆ ದುಡ್ಡಿನಲ್ಲಿ ತಂದ ಯಂತ್ರ ಬೆಂಗಳೂರಿನ ಲಗ್ಗೆರೆಯ ನನ್ನ ಶೆಡ್ಡಿನಲ್ಲಿ ದಿನವೂ ಓಡುತ್ತಿದೆ. ಆದರೆ ಪಿಎಂಎಫ್‌ಎಂಇ ಎಂಬ ಕೇಂದ್ರ ಸರ್ಕಾರದ ಯೋಜನೆಯ ಈ ಸಾಲ ಏನು ಕೊಡುತ್ತದೆ, ಏನು ಕೊಡುವುದಿಲ್ಲ ಅನ್ನುವುದನ್ನು ಅರ್ಜಿ ಹಾಕುವ ಮೊದಲೇ ಯಾರಾದರೂ ಬಿಡಿಸಿ ಹೇಳಬೇಕು. ಬ್ಯಾಂಕಿನವರು ಹೇಳುವುದಿಲ್ಲ, ಜಾಹೀರಾತಿನಲ್ಲಿ ಇರುವುದಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಮಾಡುವುದು ಸಾಂಬಾರ್ ಪುಡಿ, ಸಾರಿನ ಪುಡಿ, ಪುಳಿಯೋಗರೆ ಗೊಜ್ಜು. ರಾಜಾಜಿನಗರ, ನಂದಿನಿ ಲೇಔಟ್, ಬಸವೇಶ್ವರನಗರದ ಕಾಂಡಿಮೆಂಟ್ಸ್ ಅಂಗಡಿಗಳಿಗೆ ಹಾಕುತ್ತೇನೆ. ಯಂತ್ರ ಬರುವ ಮೊದಲು ಹುರಿದದ್ದನ್ನು ಸ್ಟೀಲ್ ಡಬ್ಬಗಳಿಗೆ ತುಂಬಿ ಆಟೋದಲ್ಲಿ ಹಾಕಿಕೊಂಡು ಮಿಲ್ಲಿಗೆ ಹೋಗುತ್ತಿದ್ದೆ. ಅಲ್ಲಿ ನಮ್ಮ ಮುಂದೆ ಯಾರದೋ ರಾಗಿ, ಅದರ ಮುಂದೆ ಇನ್ಯಾರದೋ ಅಕ್ಕಿ. ಮಿಲ್ಲಿನ ಕಲ್ಲು ಕಾದಿರುವಾಗ ಮೆಣಸಿನಕಾಯಿ ಹಾಕಿದರೆ ಬಣ್ಣ ಕಂದುತ್ತದೆ, ಕೊತ್ತಂಬರಿ ಬೀಜದ ಘಮ ಅಲ್ಲೇ ಹಾರಿಹೋಗುತ್ತದೆ. ಗಿರಾಕಿ ಮುಂದಿನ ಸಲ "ಯಾಕೋ ಈ ಸಲ ಪುಡಿ ಹಂಗಿಲ್ಲ" ಅನ್ನುತ್ತಾರೆ. ಸ್ವಂತದ್ದೊಂದು ಸ್ಟೀಲಿನ ಪಲ್ವರೈಸರ್ (ಪುಡಿ ಮಾಡುವ ಯಂತ್ರ), ಹುರಿಯುವ ಯಂತ್ರ, ಪ್ಯಾಕೆಟ್ ಸೀಲ್ ಮಾಡುವ ಯಂತ್ರ ಇದ್ದರೆ ಮಾತ್ರ ರುಚಿ ನಮ್ಮ ಕೈಯಲ್ಲಿ ಉಳಿಯುತ್ತದೆ. ಎಲ್ಲ ಸೇರಿ ಸುಮಾರು 6 ಲಕ್ಷ. ಅಷ್ಟು ದುಡ್ಡು ಒಟ್ಟಿಗೆ ನನ್ನ ಹತ್ತಿರ ಎಲ್ಲಿಂದ ಬರಬೇಕು?

ಯೋಜನೆಯ ಪೂರ್ತಿ ಹೆಸರು ಪ್ರಧಾನ ಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ನಿಯಮಬದ್ಧಗೊಳಿಸುವಿಕೆ ಯೋಜನೆ. 2020ರಲ್ಲಿ ಶುರುವಾಯಿತು. ಕರ್ನಾಟಕದಲ್ಲಿ ಕೃಷಿ ಇಲಾಖೆಯ ಕೆಳಗಿರುವ ಕೆಪೆಕ್ ಸಂಸ್ಥೆ ನೋಡಿಕೊಳ್ಳುತ್ತದೆ. ಲೆಕ್ಕ ಹೀಗೆ: ಯೋಜನಾ ವೆಚ್ಚದಲ್ಲಿ ಕನಿಷ್ಠ 10% ನಮ್ಮ ಕೈಯಿಂದ, ಉಳಿದದ್ದು ಬ್ಯಾಂಕ್ ಸಾಲ. ಆ ವೆಚ್ಚದ 35% ಸಬ್ಸಿಡಿ, ಗರಿಷ್ಠ 10 ಲಕ್ಷ. ಕರ್ನಾಟಕ ಸರ್ಕಾರ ಅದರ ಮೇಲೆ ಇನ್ನೂ 15% ಸೇರಿಸುವುದರಿಂದ ಒಟ್ಟು 50%, ಗರಿಷ್ಠ 15 ಲಕ್ಷದವರೆಗೆ ಆಗುತ್ತದೆ. ನನ್ನ 6 ಲಕ್ಷದಲ್ಲಿ 60 ಸಾವಿರ ನನ್ನದು, 5.4 ಲಕ್ಷ ಸಾಲ, 3 ಲಕ್ಷ ಸಬ್ಸಿಡಿ. ದೇಶದಲ್ಲಿ ಸಣ್ಣ ಆಹಾರ ಘಟಕಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ನನ್ನ ಕಣ್ಣಿಗೆ ಬಿದ್ದಿಲ್ಲ. ಅದನ್ನು ಮನಸಾರೆ ಹೇಳುತ್ತೇನೆ.

ಇದರಲ್ಲಿ ನನಗೆ ಅತಿ ಹೆಚ್ಚು ಉಪಯೋಗವಾದದ್ದು ಜಿಲ್ಲಾ ಸಂಪನ್ಮೂಲ ವ್ಯಕ್ತಿ, ಎಲ್ಲರೂ ಡಿಆರ್‌ಪಿ ಅನ್ನುತ್ತಾರೆ. ಯೋಜನಾ ವರದಿ ಬರೆಯುವುದು, ಕೊಟೇಶನ್ ಸರಿಯಾಗಿದೆಯಾ ನೋಡುವುದು, ಪೋರ್ಟಲ್‌ನಲ್ಲಿ ಅರ್ಜಿ ಏರಿಸುವುದು, ಬ್ಯಾಂಕಿನವರು ಕೇಳಿದ್ದಕ್ಕೆ ಉತ್ತರ ಕೊಡಿಸುವುದು ಎಲ್ಲ ಅವರ ಕೆಲಸ. ನನಗೆ ಸಿಕ್ಕಿದವರು ಶೆಡ್ಡಿಗೇ ಬಂದು ನೆಲದ ಮೇಲೆ ಕೂತು, ಒಂದು ಕಿಲೋ ಪುಡಿಗೆ ಎಷ್ಟು ಮೆಣಸಿನಕಾಯಿ, ಎಷ್ಟು ಕೊತ್ತಂಬರಿ, ಹುರಿದ ಮೇಲೆ ತೂಕ ಎಷ್ಟು ಇಳಿಯುತ್ತದೆ, ಪ್ಯಾಕೆಟ್ಟಿಗೆ ಎಷ್ಟು ಖರ್ಚು ಎಂದು ಒಂದೊಂದೇ ಕೇಳಿ ಬರೆದುಕೊಂಡರು. ಹುರಿಯುವಾಗ ಹಾಳಾಗುವ ತೂಕವನ್ನು ನಾನು ಬೆಲೆಗೆ ಸೇರಿಸುತ್ತೇನಾ ಎಂದು ಕೇಳಿದ ಮೊದಲ ಮನುಷ್ಯರು ಅವರೇ. ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಇವರಿಗೆ ನಾವು ದುಡ್ಡು ಕೊಡಬೇಕಾಗಿಲ್ಲ. ಸಾಲ ಮಂಜೂರಾದ ಮೇಲೆ ಸರ್ಕಾರವೇ ಅವರಿಗೆ ಸಂಭಾವನೆ ಕೊಡುತ್ತದೆ. "ಫೈಲ್ ಮೂವ್ ಮಾಡ್ತೀನಿ, ಇಷ್ಟು ಪರ್ಸೆಂಟ್ ಕೊಡಿ" ಅನ್ನುವವರು ಯಾರೇ ಬಂದರೂ ಬಾಗಿಲಲ್ಲೇ ಕಳಿಸಿಬಿಡಿ. ಸಣ್ಣ ಉದ್ದಿಮೆಗಳು ಸರ್ಕಾರದಲ್ಲಿ ಮಾಡಿಸುವ ಉದ್ಯಮ್ ನೋಂದಣಿಯೂ ಅಷ್ಟೇ, ಸರ್ಕಾರದ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ. ಅದಕ್ಕೆ ಫೀಸು ಕೇಳುವ ವೆಬ್‌ಸೈಟುಗಳೆಲ್ಲ ಖಾಸಗಿಯವರದು.

ಇನ್ನು ಬ್ಯಾಂಕು. ಇಲ್ಲಿಯೇ ಯೋಜನೆ ಮುಗ್ಗರಿಸುವುದು.

ಮೊದಲು ಹೋದ ಬ್ಯಾಂಕಿನ ಹೆಸರು ಹೇಳುವುದಿಲ್ಲ. ಅಲ್ಲಿ ನನ್ನ ಉಳಿತಾಯ ಖಾತೆ ಬಹಳ ವರ್ಷದಿಂದ ಇದೆ. ಮ್ಯಾನೇಜರ್ ಕಡತ ತೆರೆಯುವ ಮೊದಲೇ ಕೇಳಿದ್ದು, "ನಿಮ್ಮ ಯಜಮಾನ್ರು ಏನ್ ಮಾಡ್ತಾರೆ ಮೇಡಂ?" ಖಾಸಗಿ ಕಂಪನಿಯಲ್ಲಿ ಕೆಲಸ ಅಂದೆ. "ಹಾಗಾದ್ರೆ ಅವರ ಸ್ಯಾಲರಿ ಸ್ಲಿಪ್ ತನ್ನಿ, ಅವರ ಹೆಸರಲ್ಲೇ ಪರ್ಸನಲ್ ಲೋನ್ ಮಾಡಿಬಿಡೋಣ, ಬೇಗ ಆಗುತ್ತೆ." ಪುಡಿ ಮಾಡುವವಳು ನಾನು, ಅಂಗಡಿಯವರು ದುಡ್ಡು ಹಾಕುವುದು ನನ್ನ ಖಾತೆಗೆ, ಸಾಲ ಮಾತ್ರ ಗಂಡನ ಹೆಸರಿಗೆ! ಅದು ಬೇಡ ಅಂದಮೇಲೆ ಮುಂದಿನ ಪ್ರಶ್ನೆ ಮನೆ ಪತ್ರದ್ದು. ನಾವಿರುವುದು ಬಾಡಿಗೆ ಮನೆಯಲ್ಲಿ.

ಸಣ್ಣ ಉದ್ದಿಮೆಗಳಿಗೆ ಕೊಡುವ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದು ಎಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಬ್ಯಾಂಕುಗಳಿಗೆ ಕಡ್ಡಾಯ ಮಾಡಿದೆ. ಅಂಥ ಸಾಲಗಳಿಗೆ ಖಾತರಿ ನಿಲ್ಲುವುದಕ್ಕೆಂದೇ ಕೇಂದ್ರ ಸರ್ಕಾರ ಮತ್ತು ಸಣ್ಣ ಉದ್ದಿಮೆಗಳ ಅಭಿವೃದ್ಧಿ ಬ್ಯಾಂಕಾದ ಸಿಡ್ಬಿ ಸೇರಿ 2000ದಲ್ಲಿ ಸಿಜಿಟಿಎಂಎಸ್‌ಇ ಎಂಬ ಟ್ರಸ್ಟ್ ಮಾಡಿವೆ. ನಮ್ಮ ಸಾಲ ಮುಳುಗಿದರೆ ಬ್ಯಾಂಕಿಗೆ ಬಹುಪಾಲು ಅಲ್ಲಿಂದ ಬರುತ್ತದೆ. ಹೆಂಗಸರು ನಡೆಸುವ ಘಟಕಗಳಿಗೆ ಆ ಖಾತರಿಯ ಪ್ರಮಾಣವೂ ಸ್ವಲ್ಪ ಜಾಸ್ತಿ. ಕಿರು ಉದ್ದಿಮೆಗಳಿಗೆ ಒಟ್ಟು ಸಾಲದ 7.5% ಕೊಡಲೇಬೇಕೆಂಬ ಆದ್ಯತಾ ವಲಯದ ಗುರಿಯೂ ಬ್ಯಾಂಕುಗಳ ಮೇಲಿದೆ. ಹೀಗಿರುವಾಗ ಕೌಂಟರಿನ ಆಚೆ ಕೂತವರು ನಮಗೆ ಉಪಕಾರ ಮಾಡುತ್ತಿರುವ ಹಾಗೆ ಮಾತಾಡುವುದು ನನಗೆ ನುಂಗಲಾಗದ ಸಂಗತಿ. ನಾನು ಸಾಲ ಕೊಡದಿರುವ ಕಾರಣವನ್ನು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿದೆ. ಅದನ್ನು ಕೇಳುವ ಹಕ್ಕು ನಮಗಿದೆ, ಅರ್ಜಿ ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಲಿಖಿತವಾಗಿ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಕಾರಣ ಬರಲಿಲ್ಲ. ಅರ್ಜಿಯನ್ನು ಬೇರೆ ಬ್ಯಾಂಕಿಗೆ ಹಾಕಿಸಿದೆ.

ಎರಡನೆಯ ಬ್ಯಾಂಕಿನಲ್ಲಿ ಸಾಲ ವಿಭಾಗದಲ್ಲಿದ್ದವರು ಒಬ್ಬ ಹೆಂಗಸು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಅವರು ಗಂಡನ ವಿಷಯ ಎತ್ತಲೇ ಇಲ್ಲ. ನನ್ನ ಖಾತೆಯ ಸ್ಟೇಟ್‌ಮೆಂಟ್ ತೆಗೆದು ಪೆನ್ನಿನಿಂದ ಒಂದೊಂದು ಅಂಗಡಿಯ ಹೆಸರಿಗೂ ಗೆರೆ ಎಳೆಯುತ್ತಾ ಹೋದರು. "ಇವರು ಪ್ರತಿ ತಿಂಗಳೂ ಇದ್ದಾರೆ... ಇವರು ಹಬ್ಬದ ತಿಂಗಳು ಮಾತ್ರ... ಇವರು ಯಾಕೆ ನಿಂತೋದ್ರು?" ಅಂಗಡಿ ಮಾರಿಬಿಟ್ಟರು ಅಂದೆ. ಆಮೇಲೆ ಶೆಡ್ಡಿಗೆ ಬಂದು ಮೀಟರ್ ಬೋರ್ಡ್ ನೋಡಿದರು. 5 ಎಚ್‌ಪಿ ಮೋಟಾರಿಗೆ ಮೂರು ಫೇಸ್ ಬೇಕು, ಅದಕ್ಕೆ ಬೆಸ್ಕಾಂನಿಂದ ಲೋಡ್ ಏರಿಸಿಕೊಳ್ಳಬೇಕು, ಅದಕ್ಕೆ ಕಟ್ಟಡದ ಓನರ್ ಒಪ್ಪಿಗೆ ಬೇಕು ಎಂದು ಅವರೇ ಹೇಳಿದ್ದು. ಸಾಲ ಕೊಡುವವರು ಹೀಗೆ ಕೆಲಸವನ್ನು ನೋಡಿದರೆ ಸಾಕು, ನಮಗೆ ಬೇರೇನೂ ಬೇಡ.

ಓನರ್ ಒಪ್ಪಿಗೆಯ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಬಾಡಿಗೆ ಜಾಗದಲ್ಲಿರುವ ಎಲ್ಲರಿಗೂ ಇದು ಎದುರಾಗುತ್ತದೆ. ಬೆಂಗಳೂರಿನಲ್ಲಿ ಬಾಡಿಗೆ ಕರಾರು 11 ತಿಂಗಳದ್ದು. ಬ್ಯಾಂಕಿಗೆ ಬೇಕಾದದ್ದು ಸಾಲ ತೀರುವಷ್ಟು ವರ್ಷದ್ದು. ನಮ್ಮ ಓನರ್ ಕರಾರಿನ ಮಾತೆತ್ತಿದ ಕೂಡಲೇ, "ಏನಮ್ಮಾ, ಶೆಡ್ ನಿಮ್ಮ ಹೆಸರಿಗೆ ಬರ್ಸ್ಕೊಂಡ್ಬಿಡ್ತೀರಾ?" ಅಂದರು. ಅವರ ಭಯ ಸುಳ್ಳಲ್ಲ, ಬಾಡಿಗೆದಾರರಿಂದ ನೊಂದವರು ಬಹಳ ಇದ್ದಾರೆ. ಕೊನೆಗೆ ಅವರನ್ನು ಬ್ಯಾಂಕಿಗೇ ಕರೆದುಕೊಂಡು ಹೋಗಿ ಅಧಿಕಾರಿಯ ಎದುರಿಗೆ ಕೂರಿಸಿದೆ. ಸಾಲಕ್ಕೆ ಒತ್ತೆ ಇರುವುದು ಯಂತ್ರ ಮಾತ್ರ, ಕಟ್ಟಡಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಆ ಮೇಡಂ ಕನ್ನಡದಲ್ಲಿ ತಿಳಿಸಿ ಹೇಳಿದ ಮೇಲೆ ಓನರ್ ಕರಾರು ನೋಂದಣಿ ಮಾಡಿಸಿಕೊಟ್ಟರು. ಕರಾರು, ಕರೆಂಟು, ಈ ಎರಡು ಮುಗಿಯುವುದಕ್ಕೆ ಹಿಡಿದಷ್ಟು ಕಾಲ ಸಾಲದ ಮಂಜೂರಾತಿಗೂ ಹಿಡಿಯಲಿಲ್ಲ. ಅರ್ಜಿಗೆ ಮೊದಲು ಇವನ್ನೇ ಶುರು ಮಾಡಿ.

ದುಡ್ಡು ನಮ್ಮ ಕೈಗೆ ಬರುವುದಿಲ್ಲ, ಯಂತ್ರ ಮಾರುವವರ ಖಾತೆಗೆ ಹೋಗುತ್ತದೆ. ಅದು ಸರಿಯೇ. ಬಹಳ ಜನಕ್ಕೆ ಗೊತ್ತಿಲ್ಲದ್ದು ಸಬ್ಸಿಡಿಯ ವಿಷಯ. 3 ಲಕ್ಷ ಬಂದಾಗ ಅದು ಸಾಲಕ್ಕೆ ಜೋಡಿಸಿದ ಬೇರೊಂದು ಖಾತೆಯಲ್ಲಿ ಕೂರುತ್ತದೆ. ಸಾಲದ ಕೊನೆಯ ಕಂತು ಬಿಡುಗಡೆಯಾಗಿ 3 ವರ್ಷ ಕಳೆದು, ಆಗ ಘಟಕವೂ ನಡೆಯುತ್ತಿದ್ದು ಸಾಲದ ಕಂತುಗಳೂ ಸರಿಯಾಗಿ ಕಟ್ಟಿದ್ದರೆ ಮಾತ್ರ ಅದು ಸಾಲಕ್ಕೆ ಜಮೆಯಾಗುತ್ತದೆ. ಅಲ್ಲಿಯವರೆಗೆ ಅಷ್ಟು ಮೊತ್ತಕ್ಕೆ ಬಡ್ಡಿ ಹಾಕುವುದಿಲ್ಲ. ಮಧ್ಯದಲ್ಲಿ ಸಾಲ ಕೆಟ್ಟರೆ ಸಬ್ಸಿಡಿ ವಾಪಸ್. "ಅರ್ಧ ದುಡ್ಡು ಸರ್ಕಾರ ಕೊಡುತ್ತೆ" ಎಂದು ಯಾರೋ ಹೇಳಿದ್ದನ್ನು ನಂಬಿ, ಆ ದುಡ್ಡಿನಲ್ಲಿ ಸಾಮಾನು ತರಬಹುದು ಎಂದು ಲೆಕ್ಕ ಹಾಕಿಕೊಂಡವರನ್ನು ನೋಡಿದ್ದೇನೆ. ಆ ದುಡ್ಡು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಹಾಗೆ ಇಟ್ಟಿರುವುದು ನ್ಯಾಯವೇ, ಇಲ್ಲದಿದ್ದರೆ ಸಬ್ಸಿಡಿ ತೆಗೆದುಕೊಂಡು ಯಂತ್ರ ಮಾರಿಬಿಡುವವರು ಇರುತ್ತಾರೆ. ಆದರೆ ಮೊದಲ ದಿನವೇ ಇದನ್ನು ಬಾಯಿಬಿಟ್ಟು ಹೇಳಬೇಕು.

ಈಗ ನನ್ನ ದೊಡ್ಡ ದೂರು. ಯಂತ್ರ ಬಂತು. ಯಂತ್ರದ ಹೊಟ್ಟೆಗೆ ಹಾಕುವುದಕ್ಕೆ?

ಸಾಂಬಾರ್ ಪುಡಿಗೆ ನಾನು ಬಣ್ಣಕ್ಕೆ ಬ್ಯಾಡಗಿ ಡಬ್ಬಿ, ಖಾರಕ್ಕೆ ಗುಂಟೂರು ಮೆಣಸಿನಕಾಯಿ ಹಾಕುತ್ತೇನೆ. ಹೊಸ ಮೆಣಸಿನಕಾಯಿ ಮಾರುಕಟ್ಟೆಗೆ ಧಾರಾಳವಾಗಿ ಬರುವುದು ಸಂಕ್ರಾಂತಿಯಿಂದ ಯುಗಾದಿ ಆಸುಪಾಸಿನ ತನಕ. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಆಗ ಚೀಲ ಬಿಚ್ಚಿ ತೋರಿಸುತ್ತಾರೆ. ಡಬ್ಬಿ ಕಾಯಿಯ ಸಿಪ್ಪೆ ಸುಕ್ಕು ಸುಕ್ಕು, ಮುರಿದರೆ ಬೆರಳಿಗೆ ಕೆಂಪು ಹತ್ತುತ್ತದೆ. ತೊಟ್ಟು ಕಿತ್ತ ಜಾಗದಲ್ಲಿ ಬಿಳಿ ಬೂಷ್ಟು ಇದೆಯಾ ನೋಡಬೇಕು, ಹಳೆಯ ಸರಕಿನಲ್ಲಿ ಅದು ಇರಬಹುದು. ಆ ಕಾಲದಲ್ಲಿ ವರ್ಷಕ್ಕಾಗುವಷ್ಟು ಕೊಂಡು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟವರು ದಸರಾ ಹೊತ್ತಿಗೆ ನೆಮ್ಮದಿಯಿಂದ ಇರುತ್ತಾರೆ. ವಾರವಾರಕ್ಕೆ ಕೊಳ್ಳುವವರು ಯಾವ ಬೆಲೆ ಹೇಳಿದರೂ ಕೊಡಬೇಕು. 2024ರ ಮಾರ್ಚಿನಲ್ಲಿ ಬೆಲೆ ಕುಸಿದು ಬ್ಯಾಡಗಿಯಲ್ಲಿ ರೈತರು ರೊಚ್ಚಿಗೆದ್ದದ್ದು ಎಲ್ಲರಿಗೂ ನೆನಪಿರಬಹುದು. ಅದರ ಹಿಂದಿನ ವರ್ಷ ಅದೇ ಕಾಯಿಗೆ ಚಿನ್ನದ ಬೆಲೆ. ಬೆಳೆದವರ ಕಣ್ಣೀರಿನ ತಿಂಗಳಲ್ಲಿ ಕೊಂಡವರಲ್ಲಿ ದೊಡ್ಡ ಮಸಾಲೆ ಕಂಪನಿಗಳೂ ವ್ಯಾಪಾರಿಗಳೂ ಇದ್ದರು, ನಮ್ಮಂಥವರು ಇರಲಿಲ್ಲ. ನ್ಯಾಯವಾದ ಬೆಲೆ ಕೊಟ್ಟು ನೂರು ಸಣ್ಣ ಘಟಕದವರು ನಾಲ್ಕು ನಾಲ್ಕು ಚೀಲ ಕೊಳ್ಳುವಂತಿದ್ದರೆ ರೈತರಿಗೂ ಕೊಳ್ಳುವ ಕೈಗಳು ಜಾಸ್ತಿಯಾಗುತ್ತಿದ್ದವು.

ಅದಕ್ಕೆ ಬೇಕಾಗುವುದು ದುಡಿಯುವ ಬಂಡವಾಳ, ಅಂದರೆ ಸಾಮಾನು ತಂದು ವ್ಯಾಪಾರ ನಡೆಸಲು ಕೈಯಲ್ಲಿರಬೇಕಾದ ದುಡ್ಡು. ಈ ಯೋಜನೆಯ ಸಬ್ಸಿಡಿ ಯಂತ್ರಕ್ಕೆ, ಕಟ್ಟಡದ ಅಗತ್ಯ ಕೆಲಸಕ್ಕೆ. ಕಚ್ಚಾ ಸಾಮಗ್ರಿಗೆ ಇಲ್ಲ. ಇದೇ ಯೋಜನೆಯಲ್ಲಿ ಸ್ವಸಹಾಯ ಸಂಘದಲ್ಲಿರುವ, ಆಹಾರ ತಯಾರಿಸುವ ಸದಸ್ಯರಿಗೆ ತಲಾ 40 ಸಾವಿರ ರೂಪಾಯಿ ಬೀಜ ಬಂಡವಾಳ ಇದೆ. ಅದನ್ನು ಸಾಮಾನು ಕೊಳ್ಳುವುದಕ್ಕೂ ಸಣ್ಣಪುಟ್ಟ ಉಪಕರಣಕ್ಕೂ ಬಳಸಬಹುದು. ಸಂಘದಲ್ಲಿ ಇಲ್ಲದೆ ಒಬ್ಬಳೇ ನಡೆಸುವವಳಿಗೆ ಅದು ಇಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಬದಲಿಸುತ್ತಾ ಬದುಕುವ ಎಷ್ಟೋ ಹೆಂಗಸರಿಗೆ ಒಂದು ಸಂಘದಲ್ಲಿ ನಿಲ್ಲಲು ಆಗುವುದೇ ಇಲ್ಲ. ಅವರಿಗೂ ಆ 40 ಸಾವಿರ ಸಿಗುವಂತಾಗಬೇಕು ಅನ್ನುವುದು ನನ್ನ ಒತ್ತಾಯ.

ಈ ಅಂತರವನ್ನು ಹೆಂಗಸರು ಏನು ಮಾಡಿ ತುಂಬುತ್ತಾರೆ? ಕೆಲವರು ಚೀಟಿ ಎತ್ತುತ್ತಾರೆ, ಬೇಗ ಬೇಕಾದಾಗ ಕೂಗಿ ಎತ್ತಿದರೆ ಕಳೆದುಕೊಳ್ಳುವ ಮೊತ್ತ ಸಣ್ಣದಲ್ಲ. ಕೆಲವರು ಬಳೆ ಅಡ ಇಡುತ್ತಾರೆ, ಅರ್ಧ ಗಂಟೆಯಲ್ಲಿ ದುಡ್ಡು ಸಿಗುತ್ತದೆ, ಆದರೆ ಬಳೆ ಇದ್ದವರಿಗೆ ಮಾತ್ರ. ನಮ್ಮ ಬೀದಿಯಲ್ಲಿ ನೂರಕ್ಕೆ ಐದರ ಕೈಸಾಲ ತರುವವರೂ ಇದ್ದಾರೆ. ತಿಂಗಳಿಗೆ ಐದು ಅಂದರೆ ವರ್ಷಕ್ಕೆ 60%. ಪುಡಿ ಮಾರಿ ಅಷ್ಟು ಲಾಭ ಯಾರಿಗೂ ಬರುವುದಿಲ್ಲ. ಮೈಕ್ರೋಫೈನಾನ್ಸ್ ಸಾಲಕ್ಕೆ 2022ರಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮವಿದೆ: ಕುಟುಂಬದ ವರ್ಷದ ಆದಾಯ 3 ಲಕ್ಷದೊಳಗಿರಬೇಕು, ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಕಾಗದದಲ್ಲಿ ಹಾಗಿದೆ. ಮನೆ ಮುಂದೆ ನಿಂತು ಮರ್ಯಾದೆ ತೆಗೆಯುವ ವಸೂಲಿ ಎಷ್ಟು ಕೈಮೀರಿತೆಂದರೆ 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಕಾನೂನು ಬಂದದ್ದು ಒಳ್ಳೆಯದೇ. ಆದರೆ ಆ ಹೆಂಗಸರಲ್ಲಿ ಹಲವರು ವ್ಯಾಪಾರಕ್ಕೆ ಸಾಮಾನು ತರಲು ಸಾಲ ಮಾಡಿದವರು, ಬ್ಯಾಂಕಿನ ಬಾಗಿಲು ಮೊದಲೇ ತೆರೆದಿದ್ದರೆ ಮೈಕ್ರೋಫೈನಾನ್ಸಿನವರ ಹತ್ತಿರ ಹೋಗುತ್ತಲೇ ಇರಲಿಲ್ಲ.

ನಾನು ಹಿಡಿದ ದಾರಿ ಮುದ್ರಾ. 2015ರ ಏಪ್ರಿಲ್‌ನಲ್ಲಿ ಬಂದ ಈ ಯೋಜನೆಯಲ್ಲಿ ಶಿಶು 50 ಸಾವಿರದವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ. ಇದನ್ನು ಕಂತಿನ ಸಾಲವಾಗಿಯೇ ತೆಗೆದುಕೊಳ್ಳಬೇಕೆಂದಿಲ್ಲ. ಕ್ಯಾಶ್ ಕ್ರೆಡಿಟ್ ಮಿತಿಯಾಗಿಯೂ ಕೇಳಬಹುದು. ಆಗ ಬಳಸಿದ ದುಡ್ಡಿಗೆ, ಬಳಸಿದ ದಿನಗಳಿಗೆ ಮಾತ್ರ ಬಡ್ಡಿ. ಮೆಣಸಿನಕಾಯಿ ಕಾಲದಲ್ಲಿ ತೆಗೆದು, ಗೌರಿ ಹಬ್ಬದಿಂದ ದೀಪಾವಳಿ ತನಕದ ವ್ಯಾಪಾರದಲ್ಲಿ ಮರಳಿ ತುಂಬಬಹುದು. ಎಷ್ಟು ಮಿತಿ ಕೇಳಬಹುದು ಅನ್ನುವುದಕ್ಕೂ ಲೆಕ್ಕ ಇದೆ: ರಿಸರ್ವ್ ಬ್ಯಾಂಕ್ ನೇಮಿಸಿದ್ದ ನಾಯಕ್ ಸಮಿತಿ ಹೇಳಿದ ಪ್ರಕಾರ ಸಣ್ಣ ಉದ್ದಿಮೆಗೆ ಮುಂದಿನ ವರ್ಷದ ಅಂದಾಜು ವಹಿವಾಟಿನ ಕನಿಷ್ಠ 20% ದುಡಿಯುವ ಬಂಡವಾಳವನ್ನು ಬ್ಯಾಂಕ್ ಕೊಡಬೇಕು. ವಹಿವಾಟು 15 ಲಕ್ಷ ಅಂದರೆ 3 ಲಕ್ಷ. ಈ ಲೆಕ್ಕವನ್ನು ಹಾಳೆಯಲ್ಲಿ ಬರೆದುಕೊಂಡು ಹೋಗಿ ಆ ಮೇಡಂ ಎದುರಿಗೆ ಇಟ್ಟೆ. ಪೂರ್ತಿ ಕೊಡಲಿಲ್ಲ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟರು, ಮುಂದಿನ ವರ್ಷ ಏರಿಸುತ್ತೇವೆ ಅಂದರು. ಯಂತ್ರದ ಸಾಲ ಮಂಜೂರು ಮಾಡುವಾಗಲೇ ಈ ಮಿತಿಯನ್ನೂ ಜೊತೆಗೇ ಕೊಟ್ಟಿದ್ದರೆ ಒಂದು ಸುಗ್ಗಿ ನನ್ನ ಕೈ ತಪ್ಪುತ್ತಿರಲಿಲ್ಲ. ಎರಡನ್ನೂ ಒಟ್ಟಿಗೆ ಕೇಳಿ, ಒಂದೇ ಯೋಜನಾ ವರದಿಯಲ್ಲಿ ಬರೆಸಿ.

ಬೇರೆ ದಾರಿಗಳೂ ಇವೆ. ಆದಾಯ ತೀರಾ ಕಡಿಮೆ ಇರುವವರು ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆ ನೋಡಬೇಕು, 3 ಲಕ್ಷದವರೆಗಿನ ಸಾಲ; ಪರಿಶಿಷ್ಟ ಜಾತಿ, ಪಂಗಡದವರಿಗೆ ಅರ್ಧ ಸಬ್ಸಿಡಿ, ಉಳಿದವರಿಗೆ 30%. ದೊಡ್ಡದಾಗಿ ಬೆಳೆಸುವವರಿಗೆ ತಿಮ್ಮಯ್ಯ ರಸ್ತೆಯ ರಾಜ್ಯ ಹಣಕಾಸು ಸಂಸ್ಥೆ ಕೆಎಸ್‌ಎಫ್‌ಸಿಯಲ್ಲಿ ಸರ್ಕಾರದ ಬಡ್ಡಿ ಸಹಾಯದಿಂದ ಮಹಿಳೆಯರಿಗೆ 4% ಬಡ್ಡಿಯ ಸಾಲ ಇದೆ. ಲೆಕ್ಕ ಬರೆಯುವುದು, ಬೆಲೆ ಕಟ್ಟುವುದು ಕಲಿಯಬೇಕಾದವರಿಗೆ ರಾಜಾಜಿನಗರದಲ್ಲಿ ಅವೇಕ್ ಇದೆ, 1983ರಿಂದ ಹೆಂಗಸರ ಉದ್ದಿಮೆಗಳಿಗೆಂದೇ ನಡೆಯುತ್ತಿರುವ ಸಂಸ್ಥೆ.

ಪಕ್ಕದ ಬೀದಿಯಲ್ಲಿ ಹಪ್ಪಳ ಮಾಡುವವರೊಬ್ಬರಿದ್ದಾರೆ. ಕೆಲಸ ನನಗಿಂತ ಅಚ್ಚುಕಟ್ಟು, ವ್ಯಾಪಾರವೂ ಜಾಸ್ತಿ. ಅವರ ಅರ್ಜಿ ಮುಂದೆ ಹೋಗಲಿಲ್ಲ. ಅಂಗಡಿ ಮುಂದಿನ ಯುಪಿಐ ಕ್ಯೂಆರ್ ಗಂಡನ ಖಾತೆಗೆ ಜೋಡಿಸಿದ್ದು, ಅಂಗಡಿಗಳ ದುಡ್ಡೆಲ್ಲ ಅಲ್ಲಿಗೇ. ಬ್ಯಾಂಕಿನ ಕಣ್ಣಿಗೆ ಅವರು ವ್ಯಾಪಾರವೇ ಇಲ್ಲದ ಗೃಹಿಣಿ. ಹತ್ತು ವರ್ಷದ ದುಡಿಮೆ ಬೇರೊಬ್ಬರ ಸ್ಟೇಟ್‌ಮೆಂಟಿನಲ್ಲಿ ಕೂತಿದೆ. ಅದನ್ನು ನೋಡಿದಾಗ ನನಗೆ ಆದ ಸಂಕಟ ಅಷ್ಟಿಷ್ಟಲ್ಲ. ಈಗ ಅವರು ತಮ್ಮದೇ ಹೆಸರಲ್ಲಿ ಚಾಲ್ತಿ ಖಾತೆ ತೆರೆದು ಕ್ಯೂಆರ್ ಬದಲಿಸಿದ್ದಾರೆ, ಉದ್ಯಮ್ ನೋಂದಣಿ ಆಗಿದೆ. ಒಂದಷ್ಟು ತಿಂಗಳ ವಹಿವಾಟು ಅಲ್ಲಿ ಕಾಣಿಸಿದ ಮೇಲೆ ಮತ್ತೆ ಹಾಕುತ್ತಾರೆ.

ಹೋಗುವಾಗ ಇಟ್ಟುಕೊಳ್ಳಬೇಕಾದದ್ದು: ಉದ್ಯಮ್ ಪ್ರಮಾಣಪತ್ರ, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ, ನಿಮ್ಮ ಹೆಸರಿನ ಖಾತೆಯ ಸ್ಟೇಟ್‌ಮೆಂಟ್, ಜಾಗದ ಕರಾರು, ಕರೆಂಟ್ ಬಿಲ್, ಯಂತ್ರದ ಕೊಟೇಶನ್. ನಮ್ಮ ಸಾಲಗಳ ಚರಿತ್ರೆ ತೋರಿಸುವ ಸಿಬಿಲ್ ವರದಿಯನ್ನು ವರ್ಷಕ್ಕೊಮ್ಮೆ ಉಚಿತವಾಗಿ ತೆಗೆಯಬಹುದು. ಹಿಂದೆ ಯಾರಿಗೋ ಜಾಮೀನು ಹಾಕಿದ್ದರೆ ಅದೂ ಅಲ್ಲಿ ಕಾಣುತ್ತದೆ, ಮೊದಲೇ ನೋಡಿಕೊಳ್ಳಿ. 2024-25ಕ್ಕೆ ಮುಗಿಯಬೇಕಿದ್ದ ಈ ಯೋಜನೆಯನ್ನು 2025-26ರವರೆಗೆ ಮುಂದುವರಿಸಿದ್ದರು, ಆದ್ದರಿಂದ ಕಾಗದ ಜೋಡಿಸುವ ಮೊದಲು ಕೆಪೆಕ್‌ಗೆ ಫೋನ್ ಮಾಡಿ ಹೊಸ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಎಂದು ಕೇಳಿ. ಮಸಾಲೆಯವರು ದಸರಾ ಕಳೆದ ಕೂಡಲೇ ಶುರು ಮಾಡಿದರೆ ಹೊಸ ಮೆಣಸಿನಕಾಯಿ ಯಾರ್ಡಿಗೆ ಬರುವ ಹೊತ್ತಿಗೆ ಮಿತಿ ಕೈಯಲ್ಲಿರುತ್ತದೆ.